ಕನ್ನಡದಲ್ಲಿ ಬ್ಲಾಗ್ ಬರಹ ಎಷ್ಟು ಉದ್ದ ಇರಬೇಕು?

ನೀವು ಕೇಳಿದ್ದು ಇಷ್ಟು: ಹಾವೇರಿ ಕಡೆಯ ಬೆಳೆ, ಊಟ, ಊರುಗಳ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಶುರು ಮಾಡಿದ್ದೀರಿ. 300 ಪದ ಸಾಕು, ಈಗ ಉದ್ದದ್ದನ್ನು ಯಾರೂ ಓದಲ್ಲ ಅಂತ ಒಬ್ಬರು ಹೇಳಿದರು. 1500 ಪದ ಇಲ್ಲದಿದ್ದರೆ ಗೂಗಲ್ ಮೇಲಕ್ಕೆ ತರೋದಿಲ್ಲ ಅಂತ ಇನ್ನೊಬ್ಬರು ಹೇಳಿದರು. ಯಾರ ಮಾತು ಕೇಳಬೇಕು?

ಇಬ್ಬರದ್ದೂ ಬೇಡ. ನಾನು ಧಾರವಾಡದವನು. ಹಲವು ವರ್ಷಗಳಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಹೊಸಬರ ಬರಹಗಳನ್ನು ತಿದ್ದಿಯೂ ಕೊಡುತ್ತೇನೆ. ಇಷ್ಟು ಪದ ಆಗಲೇಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡು ಬರೆದದ್ದು ಓದುವಾಗ ಗೊತ್ತಾಗಿಬಿಡುತ್ತದೆ. ಎಲ್ಲಿ ವಿಷಯ ಮುಗಿಯಿತು, ಎಲ್ಲಿಂದ ತುಂಬಿಸೋಕೆ ಶುರು ಮಾಡಿದರು ಅಂತ ಬೆರಳಿಟ್ಟು ತೋರಿಸಬಹುದು. ಓದಿದವರು ಎದ್ದು ಹೋಗಿ ಏನು ಮಾಡಬೇಕಾಗಿದೆ ಅನ್ನೋದನ್ನು ಮೊದಲು ನೋಡಿ. ಉದ್ದ ಅದರಿಂದ ತಾನೇ ಗೊತ್ತಾಗುತ್ತದೆ.

ಗೂಗಲ್ ವಿಷಯ ಮೊದಲು ಮುಗಿಸಿಬಿಡೋಣ. ಬರೆಯುವವರಿಗಾಗಿ ಗೂಗಲ್ ತಾನೇ ಇಟ್ಟಿರುವ ಮಾರ್ಗದರ್ಶಿಯಲ್ಲಿ ಈ ಮಾತು ಬರುತ್ತದೆ. ನಮಗೆ ಇಂತಿಷ್ಟೇ ಪದ ಬೇಕು ಅಂತೇನೂ ಇಲ್ಲ ಅಂತ ಅಲ್ಲಿ ನೇರವಾಗಿ ಹೇಳಿದ್ದಾರೆ. ಮೇಲೆ ಕಾಣಿಸುವ ಪುಟಗಳು ಎಷ್ಟೋ ಸಲ ಉದ್ದ ಇರುತ್ತವೆ, ನಿಜ. ಒಂದು ವಿಷಯವನ್ನು ಪೂರ್ತಿ ಹೇಳಿದ ಬರಹ ಸಹಜವಾಗಿ ಉದ್ದ ಆಗುತ್ತದೆ, ಬೇರೆಯವರೂ ಅದಕ್ಕೆ ಲಿಂಕ್ ಕೊಡುತ್ತಾರೆ. ಉದ್ದವನ್ನಷ್ಟೇ ನಕಲು ಮಾಡಿದರೆ ಉಳಿದದ್ದು ಬರೋದಿಲ್ಲ, ಅಲ್ವಾ?

ನಮಗೆ ಇನ್ನೂ ಮುಖ್ಯವಾದದ್ದು ಬೇರೆ ಇದೆ. ಈ 300, 1500 ಎಲ್ಲ ಇಂಗ್ಲಿಷ್ ಬರಹದ ಲೆಕ್ಕ. ಅಲ್ಲಿ ಕಾಲಕ್ಕೊಂದು ಪದ, ಜಾಗಕ್ಕೊಂದು ಪದ, ಮಾಡಿದವರಿಗೊಂದು ಪದ. ಕನ್ನಡದಲ್ಲಿ ಇವೆಲ್ಲ ಒಂದೇ ಪದಕ್ಕೆ ಅಂಟಿಕೊಂಡು ಬರುತ್ತವೆ. 'ಕೊಡಬೇಕಾಗಿತ್ತು', 'ಮನೆಯೊಳಗಿನಿಂದ', 'ಬರದಿದ್ದರೆ', ನಮ್ಮಲ್ಲಿ ಇವು ಒಂದೊಂದೇ ಪದ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಮೂರು ನಾಲ್ಕು ಪದ ಬೇಕು. ಹಾಗಾಗಿ ಇಂಗ್ಲಿಷಿನ 1500 ಪದದಷ್ಟು ವಿಷಯ ಕನ್ನಡದಲ್ಲಿ ಎಷ್ಟೋ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ನೀವು ಕನ್ನಡದಲ್ಲಿ 1500 ಪದ ತುಂಬಿಸಲೇಬೇಕು ಅಂತ ಹೊರಟರೆ, ಆ ಸಲಹೆ ಕೊಟ್ಟವರು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಬರೆಯಬೇಕಾಗುತ್ತದೆ. 'ಇಂದಿನ ಧಾವಂತದ ಬದುಕಿನಲ್ಲಿ' ಅನ್ನುವಂಥ ಸಾಲುಗಳು ಹುಟ್ಟೋದು ಆಗಲೇ.

ಓದುವ ವೇಗದ ಲೆಕ್ಕಕ್ಕೂ ಇದೇ ತೊಡಕು. ಇಂಗ್ಲಿಷಿನಲ್ಲಿ ದೊಡ್ಡವರು ಮನಸ್ಸಿನಲ್ಲೇ ಓದಿಕೊಳ್ಳುವ ವೇಗ ನಿಮಿಷಕ್ಕೆ ಸುಮಾರು 238 ಪದ ಅಂತ ಮಾರ್ಕ್ ಬ್ರಿಸ್‌ಬರ್ಟ್ 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಹೇಳಿದರು. 'ಇದು ಐದು ನಿಮಿಷದ ಓದು' ಅಂತ ಪುಟದ ಮೇಲೆ ಬರುತ್ತದಲ್ಲ, ಅದರ ಹಿಂದೆ ಇಂಥದ್ದೇ ಲೆಕ್ಕ ಇರುತ್ತದೆ. ನಮ್ಮ ಉದ್ದುದ್ದ ಪದಗಳಿಗೆ ಅದನ್ನು ಹಾಗೇ ಹಚ್ಚೋಕೆ ಆಗಲ್ಲ. ಅದಕ್ಕೆ ನಾನು ರೇಡಿಯೋದ ದಾರಿ ಹಿಡಿಯುತ್ತೇನೆ. ನಮ್ಮ ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ರೇಡಿಯೋ ಭಾಷಣಕ್ಕೆ ಅಳತೆ ಅಂದರೆ ನಿಮಿಷ. ನೀವೂ ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಎಲ್ಲಿ ನಿಮಗೇ ಬೇಗ ಬೇಗ ಓದಿ ದಾಟಿಬಿಡಬೇಕು ಅನಿಸುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಕತ್ತರಿಸಬೇಕಾದದ್ದು ಬಹುಪಾಲು ಅಲ್ಲೇ ಇರುತ್ತದೆ.

'ಯಾರೂ ಓದಲ್ಲ' ಅನ್ನುವ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಜಾಲತಾಣಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ನೋಡುತ್ತಿದ್ದ ಜೇಕಬ್ ನೀಲ್ಸನ್ 2008ರಲ್ಲಿ ಒಂದು ಲೆಕ್ಕ ಬರೆದರು. ಒಂದು ಪುಟಕ್ಕೆ 100 ಪದ ಸೇರಿಸಿದರೆ, ಬಂದವರು ಅಲ್ಲಿ ಜಾಸ್ತಿ ನಿಲ್ಲುವುದು ಸರಾಸರಿ 4.4 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಅವರು ಓದಬಲ್ಲದ್ದು 18 ಪದ. ಆದರೆ ಇದರಿಂದ ಎಲ್ಲವನ್ನೂ ಗಿಡ್ಡ ಮಾಡಬೇಕು ಅಂತ ನನಗೆ ಅನಿಸೋದಿಲ್ಲ. ಜನ ತಮಗೆ ಬೇಕಾದ ಸಾಲನ್ನು ಹುಡುಕುತ್ತಿರುತ್ತಾರೆ. ಅದು ಬೇಗ ಸಿಗುವ ಹಾಗೆ ಇಡಬೇಕು. ಮಾರುದ್ದದ ಪ್ಯಾರಾ ಬೇಡ. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಫೋನಿನಲ್ಲಿ ಒತ್ತೊತ್ತಾಗಿ ಬಂದರೆ ಕಣ್ಣು ಸೋಲುತ್ತದೆ.

ಈಗ ನಮ್ಮ ಕಡೆಯ ವಿಷಯಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಅಂತ ಒಬ್ಬರು ಹುಡುಕಿಕೊಂಡು ಬಂದರು ಅನ್ನಿ. 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು, ಉದ್ಘಾಟನೆ ಆದದ್ದು 2023ರ ಮಾರ್ಚ್‌ನಲ್ಲಿ, ಅದಕ್ಕೂ ಮೊದಲು ಈ ದಾಖಲೆ ಗೋರಖಪುರದ ಹೆಸರಲ್ಲಿತ್ತು. ಮುಗಿಯಿತು. ಒಂದು ಫೋಟೋ ಹಾಕಿ ನಿಲ್ಲಿಸಿ. ಇದಕ್ಕೆ ಮೊದಲು ಭಾರತದ ರೈಲ್ವೆ ಇತಿಹಾಸ ಬರೆದರೆ ಬಂದವರು ಅರ್ಧಕ್ಕೇ ಹೋಗುತ್ತಾರೆ.

ಅದೇ ಬ್ಯಾಡಗಿ ಮೆಣಸಿನಕಾಯಿ ತಗೊಳ್ಳಿ. ಇದರ ಬಗ್ಗೆ ಕನ್ನಡದಲ್ಲಿ ಸಿಗುವ ಬರಹಗಳು ಬಹಳ ಸಲ ಒಂದೇ ಥರ: ಬಣ್ಣ ಜಾಸ್ತಿ, ಖಾರ ಕಡಿಮೆ, 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು, ಜೈ. ವರ್ಷದ ಖಾರದಪುಡಿಗೆ ಮೆಣಸಿನಕಾಯಿ ತರಲು ಹೊರಟವರಿಗೆ ಇದರಿಂದ ಏನೂ ಆಗಲ್ಲ. ಅವರಿಗೆ ಬ್ಯಾಡಗಿಯ ಬಗೆಗಳಲ್ಲಿ ಡಬ್ಬಿ ಬೇಕೋ ಕಡ್ಡಿ ಬೇಕೋ ತಿಳಿಯಬೇಕು. ಡಬ್ಬಿ ಗಿಡ್ಡ, ದಪ್ಪ, ಬಣ್ಣಕ್ಕೆ ಹೆಸರಾದದ್ದು. ಕಡ್ಡಿ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಮನೆಯವರಿಗೆ ಖಾರವೂ ಬೇಕು ಅಂದರೆ ಗುಂಟೂರು ಕಡೆಯದ್ದನ್ನು ಎಷ್ಟು ಬೆರೆಸಬೇಕು? ಕೈಯಲ್ಲಿ ಹಿಡಿದಾಗ ತೇವ ಇದ್ದರೆ ಹೇಗೆ ಗೊತ್ತಾಗುತ್ತದೆ? ತೇವಕ್ಕೂ ನಾವು ದುಡ್ಡು ಕೊಟ್ಟಿರುತ್ತೇವೆ, ಆಮೇಲೆ ಬೂಸ್ಟು ಬರುತ್ತದೆ. ಗಿರಣಿಗೆ ಒಯ್ಯುವ ಮೊದಲು ಬಿಸಿಲಿಗೆ ಹಾಕುವುದು, ತೊಟ್ಟು ತೆಗೆಯುವುದು, ಪುಡಿಯನ್ನು ಯಾವುದರಲ್ಲಿ ತುಂಬಿಡಬೇಕು ಅನ್ನುವುದು, ಇವೆಲ್ಲ ಒಂದರ ಹಿಂದೆ ಒಂದು ಬರುವ ಪ್ರಶ್ನೆಗಳು. ಒಂದನ್ನು ಬಿಟ್ಟರೂ ಓದಿದವರು ಅಂಗಡಿಯ ಮುಂದೆ ನಿಂತು ಯೋಚಿಸಬೇಕಾಗುತ್ತದೆ. ಇದಕ್ಕೆ 700 ಪದ ಆಗಬಹುದು, 900 ಆಗಬಹುದು. ಆಗಲಿ. ಇಲ್ಲಿ 300ಕ್ಕೆ ನಿಲ್ಲಿಸಿದರೆ ಓದುವವರಿಗೆ ಅನ್ಯಾಯ. ನನಗೆ ಬೇಜಾರಾಗುವುದು ಇದೇ ವಿಷಯಕ್ಕೆ. ಕನ್ನಡದಲ್ಲಿ ಉದ್ದದ ಬರಹಕ್ಕೆ ಕೊರತೆ ಇಲ್ಲ. ಪೂರ್ತಿ ಹೇಳುವ ಬರಹ ಕಡಿಮೆ. ಓದುವವರು ಕೊನೆಗೆ ಇಂಗ್ಲಿಷ್ ಪುಟಕ್ಕೇ ಹೋಗುತ್ತಾರೆ.

ಇನ್ನೊಂದು ಥರದ ತೊಂದರೆ ಲಕ್ಕುಂಡಿಯಂಥ ಊರಿನ ಬಗ್ಗೆ ಬರೆಯುವಾಗ ಬರುತ್ತದೆ. ಗದಗದಿಂದ ಸುಮಾರು 12 ಕಿಲೋಮೀಟರ್. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬಸ್ಸು, ಮೊದಲು ಯಾವ ಗುಡಿ, ಕಾಶಿವಿಶ್ವೇಶ್ವರದಿಂದ ಮುಸುಕಿನ ಬಾವಿಗೆ ದಾರಿ, ಊಟ ಎಲ್ಲಿ, ಇಷ್ಟು ಸಾಕು. 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯ ಬಗ್ಗೆ ಓದಲು ಬರುವವರು ಬೇರೆ. ಅವರು ಶಾಸನದ ಬಗ್ಗೆ ಮೂರು ಪುಟ ಇದ್ದರೂ ಖುಷಿಯಿಂದ ಓದುತ್ತಾರೆ. ಇಬ್ಬರನ್ನೂ ಒಂದೇ ಬರಹದಲ್ಲಿ ಕೂಡಿಸಿದರೆ ಅದು ಉದ್ದವೂ ಆಗುತ್ತದೆ, ಇಬ್ಬರಿಗೂ ಅರ್ಧಂಬರ್ಧವೂ ಆಗುತ್ತದೆ. ಎರಡು ಬರಹ ಮಾಡಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ. ಸುಮ್ನೆ 'ಭಾಗ 1', 'ಭಾಗ 2' ಅಂತ ನಡುವೆ ಕಡಿಯಬೇಡಿ. ವಾಟ್ಸಾಪ್‌ನಲ್ಲಿ ಯಾರೋ ಎರಡನೇ ಭಾಗ ಮಾತ್ರ ಕಳಿಸಿರುತ್ತಾರೆ, ಓದಿದವರಿಗೆ ತಲೆ ಬುಡ ಗೊತ್ತಾಗಲ್ಲ.

ಬರೆಯುವ ಮೊದಲು ಒಂದು ಚೀಟಿಯಲ್ಲಿ ಓದುವವರ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. 'ಬ್ಯಾಡಗಿ ಮೆಣಸಿನಕಾಯಿಯ ಮಹತ್ವ' ಅಂತ ಯಾರೂ ಕೇಳಲ್ಲ. 'ಎರಡು ಕಿಲೋ ಖಾರದಪುಡಿಗೆ ಯಾವ ಮೆಣಸಿನಕಾಯಿ ತರಲಿ' ಅಂತ ಕೇಳುತ್ತಾರೆ. ಬರೆದು ಮುಗಿಸಿದ ಮೇಲೆ ಮೊದಲ ಪ್ಯಾರಾವನ್ನು ಕೈಯಿಂದ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಏನೂ ಕಳೆದುಕೊಂಡ ಹಾಗೆ ಅನಿಸದಿದ್ದರೆ ಅದನ್ನು ತೆಗೆದುಬಿಡಿ. ಆಮೇಲೆ ಮನೆಯಲ್ಲಿ ಯಾರಿಗಾದರೂ ಕೊಡಿ. 'ಅಲ್ಲ, ಹಾಗಾದರೆ...' ಅಂತ ಅವರು ಏನಾದರೂ ಕೇಳಿದರೆ ಆ ಉತ್ತರವನ್ನು ಸೇರಿಸಿ.

ನಿಮ್ಮದು ಹಾವೇರಿ ಜಿಲ್ಲೆಯೇ ಆಗಿರುವುದರಿಂದ ಆ ಮೆಣಸಿನಕಾಯಿಯಿಂದಲೇ ಶುರು ಮಾಡಿ. ಕೊಳ್ಳುವವರಿಗೆ ಒಂದು, ಬೆಳೆಯುವವರಿಗೆ ಬೇರೆಯೇ ಇನ್ನೊಂದು. ಕೊಳ್ಳುವವರದ್ದನ್ನು ಬೇಸಿಗೆಗೆ ಮುಂಚೆ ಹಾಕಿ. ಮನೆಮನೆಯಲ್ಲಿ ಖಾರ ಕುಟ್ಟಿಸುವ ಹೊತ್ತು ಅದು, ಆಗ ಹುಡುಕುವವರು ಜಾಸ್ತಿ.