ಆರು ತಿಂಗಳು ಅಂತ ಹೋದದ್ದು ಅಷ್ಟು ವರ್ಷ ಬಾಳಿದ್ದು ಹೇಗೆ?

ಪ್ರಶ್ನೆ: ಮಂಗಳಯಾನ ಆರು ತಿಂಗಳ ಕೆಲಸಕ್ಕೆ ಹೋಗಿ ಹೆಚ್ಚುಕಡಿಮೆ ಎಂಟು ವರ್ಷ ಬಾಳಿತಂತೆ. ಬರೀ 450 ಕೋಟಿಯಲ್ಲಿ ಮಾಡಿದ್ದಂತೆ. ಅಗ್ಗದ ಸಾಮಾನು ಬೇಗ ಕೆಡಬೇಕಲ್ವಾ ಸರ್?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ನನ್ನ ಕ್ಲಾಸಿನ ಹುಡುಗರೂ ಇದನ್ನೇ ಕೇಳುತ್ತಾರೆ. ಇಲ್ಲಿ ಸಾಮಾನು ಅಗ್ಗದ್ದಲ್ಲ. ದುಡ್ಡು ಉಳಿದದ್ದು ದಾರಿಯಲ್ಲಿ. ದೊಡ್ಡ ರಾಕೆಟ್ ಬದಲು ಪಿಎಸ್‌ಎಲ್‌ವಿ ರಾಕೆಟ್‌ನಲ್ಲೇ ಕಳಿಸಿದರು. ನೌಕೆಯನ್ನು ನೇರ ಮಂಗಳನ ಕಡೆ ಎಸೆಯುವಷ್ಟು ಬಲ ಅದಕ್ಕೆ ಇರಲಿಲ್ಲ. ಅದಕ್ಕೇ 2013ರ ನವೆಂಬರ್ 5ರಂದು ಹೊರಟ ನೌಕೆ ಮೊದಲು ಭೂಮಿಯನ್ನೇ ಸುತ್ತಿತು. ಆಗಾಗ ಎಂಜಿನ್ ಉರಿಸಿ ಸುತ್ತನ್ನು ಹಿಗ್ಗಿಸಿಕೊಂಡು, ಡಿಸೆಂಬರ್ 1ರ ನಡುರಾತ್ರಿ ಮಂಗಳನ ದಾರಿ ಹಿಡಿಯಿತು.

ಇನ್ನು ಆಯುಷ್ಯದ ಮಾತು. ಆರು ತಿಂಗಳು ಅನ್ನುವುದು ‘ಇಷ್ಟು ದಿನವಾದರೂ ನಡೆಯಲೇಬೇಕು’ ಅನ್ನುವ ಲೆಕ್ಕ. ಆಮೇಲೆ ನೌಕೆ ಉಳಿಯುವುದು ಇಂಧನ ಮತ್ತು ಬಿಸಿಲಿನ ಮೇಲೆ. ಮಂಗಳನ ನೆರಳಿಗೆ ಹೋದರೆ ಸೋಲಾರ್ ಫಲಕಕ್ಕೆ ಬಿಸಿಲಿಲ್ಲ, ಬ್ಯಾಟರಿಯೊಂದೇ ಗತಿ. 2017ರಲ್ಲಿ ಗಂಟೆಗಟ್ಟಲೆ ನೆರಳು ಬೀಳುವುದಿತ್ತು. ಇಸ್ರೊದವರು ಅದನ್ನು ಮೊದಲೇ ಲೆಕ್ಕ ಹಾಕಿದ್ದರು. ಆ ಜನವರಿಯಲ್ಲಿ ಏಳು ನಿಮಿಷ ಚಿಲ್ಲರೆ ಥ್ರಸ್ಟರ್ ಉರಿಸಿ ಕಕ್ಷೆಯನ್ನೇ ಬದಲಿಸಿದರು. 20 ಕೆ.ಜಿ. ಇಂಧನ ಒಂದೇ ಸಲಕ್ಕೆ ಖರ್ಚು, ಉಳಿದದ್ದು 13 ಕೆ.ಜಿ.! ಅಷ್ಟು ಧೈರ್ಯ ಮಾಡಿದ್ದಕ್ಕೆ ಮತ್ತೆ ಐದು ವರ್ಷ ಸಿಕ್ಕಿತು. ನೌಕೆಯ ಮಾತು ಕೇಳಿಸಿಕೊಳ್ಳುತ್ತಿದ್ದದ್ದು ನಮ್ಮ ಬೆಂಗಳೂರಿನ ಹತ್ತಿರದ ಬ್ಯಾಲಾಳಿನ 32 ಮೀಟರ್ ಅಗಲದ ಬಿಳಿ ಆಂಟೆನಾ. ಮಕ್ಕಳಿಗೆ ಅದನ್ನು ದೂರದಿಂದಲಾದರೂ ತೋರಿಸಿ. 2022ರ ಏಪ್ರಿಲ್‌ನಲ್ಲಿ ಮತ್ತೊಂದು ದೊಡ್ಡ ನೆರಳು ಬಂತು. ಅಲ್ಲಿಗೆ ಸಂಪರ್ಕ ಕಡಿಯಿತು.

ಒಂದು ಮಾತು ಮಾತ್ರ ಹೇಳಲೇಬೇಕು. ಅಗ್ಗ ಅಂತ ಹಿಗ್ಗುವಾಗ ಹೊರೆಯನ್ನೂ ನೋಡಬೇಕು. ಮಂಗಳಯಾನದಲ್ಲಿದ್ದದ್ದು ಐದೇ ಉಪಕರಣ, ಎಲ್ಲ ಸೇರಿ 15 ಕೆ.ಜಿ. ಆಸುಪಾಸು. ಅದೇ ತಿಂಗಳು ಹೊರಟ ನಾಸಾದ ಮೇವನ್ ನೌಕೆಯಲ್ಲಿ 65 ಕೆ.ಜಿ. ಇತ್ತು. ಮುಂದಿನ ಸಲ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ, ಉಪಕರಣ ಜಾಸ್ತಿ ಹೋಗಲಿ ಅನ್ನುವವನು ನಾನು. ಹತ್ತಿರ ಹತ್ತಿರ ಎಂಟು ವರ್ಷ ನೋಡಿಕೊಳ್ಳುವ ಜನ ನಮ್ಮಲ್ಲಿದ್ದಾರೆ. ಅವರಿಗೆ ಇನ್ನಷ್ಟು ಒಳ್ಳೆಯ ಉಪಕರಣ ಕೊಡಬೇಕು.

ಪ್ರಶ್ನೆ: ಚಂದ್ರಯಾನ-2ಕ್ಕೆ ಸುರಿದ ದುಡ್ಡೆಲ್ಲ ನೀರುಪಾಲಾಯಿತಾ?
– ಓದುಗರು, ಯಲಹಂಕ

ಉತ್ತರ: ಖಂಡಿತ ಇಲ್ಲ. 2019ರಲ್ಲಿ ಬಿದ್ದದ್ದು ಚಂದ್ರನ ಮೇಲೆ ಇಳಿಯಬೇಕಿದ್ದ ಲ್ಯಾಂಡರ್ ಮಾತ್ರ. ಚಂದ್ರನನ್ನು ಸುತ್ತುವ ಆರ್ಬಿಟರ್ ಚೆನ್ನಾಗಿಯೇ ಉಳಿಯಿತು. ಅದಕ್ಕೆ ಇಟ್ಟುಕೊಂಡಿದ್ದ ಲೆಕ್ಕ ಒಂದೇ ವರ್ಷ. ಆದರೆ ರಾಕೆಟ್ ಕರಾರುವಾಕ್ಕಾಗಿ ಬಿಟ್ಟುಕೊಟ್ಟಿದ್ದರಿಂದ ಇಂಧನ ಮಿಕ್ಕಿತು. ಸುಮಾರು ಏಳು ವರ್ಷ ಬರುತ್ತದೆ ಅಂತ ಇಸ್ರೊ ಆಗಲೇ ಹೇಳಿತ್ತು. 2023ರಲ್ಲಿ ಚಂದ್ರಯಾನ-3 ಇಳಿಯಲು ಜಾಗ ಆರಿಸುವಾಗ ಅದೇ ಆರ್ಬಿಟರ್ ತೆಗೆದ ಫೋಟೋಗಳು ಉಪಯೋಗಕ್ಕೆ ಬಂದವು. ಲ್ಯಾಂಡರ್ ಇಳಿಯುವ ಮುಂಚೆ ಅದರ ಜತೆ ರೇಡಿಯೋದಲ್ಲಿ ಮಾತನಾಡಿದ್ದೂ ಇದೇ ಆರ್ಬಿಟರ್.