ಕಟಗಿ ಸುಡೋ ಮಾತು ಯಾಕ್ರಿ?

ಬ್ಯಾಡಗಿ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಬೆಳೆಯ ಉಳಿಕೆಯಿಂದ ಇಂಧನ ಅಂತ ಹೋದ ಸಂಚಿಕೆಯಾಗ ಬರದೀರಿ. ಗದಗ ಸೀಮ್ಯಾಗ ಗಾಳಿಯಂತ್ರ ತಿರಗತಾವ, ಮನಿ ಮ್ಯಾಲ ಸೋಲಾರ್ ಬಂದೈತಿ. ಇನ್ನೂ ಕಟಗಿ ಸುಡೋ ಮಾತು ಯಾಕ್ರಿ? ಹೊಲದ್ದು ಹೊಲಕ್ಕ ಹೋಗಲಿ.’

ಸಂಪಾದಕರ ಉತ್ತರ:

ಕೊನೆಯ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಎರೆಹೊಲಕ್ಕೆ ಸಾವಯವ ಅಂಶ ಬೇಕು, ಕಣಕಿ ದನಕ್ಕೇ ಸಲ್ಲಬೇಕು. ಆದರೆ ಹತ್ತಿ ಬಿಡಿಸಿದ ಮೇಲೆ ಉಳಿಯುವ ಗಿಡದ ಕಡ್ಡಿ, ನಮ್ಮ ಹತ್ತಿಕಟಗಿ? ಒಣಗಿದ ಮೇಲೆ ದನ ಮೂಸುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಅಡಗಿ ಕೂರುತ್ತದೆ, ಹೊಲದಲ್ಲಿ ಬಿಡಬೇಡಿ ಎಂದು ಕೃಷಿ ವಿಜ್ಞಾನಿಗಳೇ ಹೇಳುತ್ತಾರೆ. ನಾವೇನು ಮಾಡುತ್ತೇವೆ? ಬದುವಿಗೆ ಒಟ್ಟಿ ಕಡ್ಡಿ ಗೀರುತ್ತೇವೆ. ಅಣ್ಣಿಗೇರಿ ಕಡೆ ಬೇಸಿಗೆಯಲ್ಲಿ ಆ ಹೊಗೆ ನೋಡದವರು ಯಾರಿದ್ದಾರೆ? ತಾವೂ ಹಚ್ಚಿರಬೇಕು, ಸ್ವಾಮಿ. ಸುಡುವುದು ಬೇಡ ಅನ್ನುವವರು ಮೊದಲು ಈ ಬೆಂಕಿಯ ಲೆಕ್ಕ ಕೊಡಬೇಕು.

ಚೆನ್ನಾಗಿ ಒಣಗಿದ ಹತ್ತಿಕಟಗಿ ಕಿಲೋಗೆ ಹೆಚ್ಚುಕಡಿಮೆ 4,000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಬೂದಿಯೇ ಹೆಚ್ಚಿರುವ ನಮ್ಮ ದೇಶದ ಕಲ್ಲಿದ್ದಲಿಗೆ ಇದೇನೂ ಸೋಲುವ ಮಾಲಲ್ಲ. ತೊಡಕಿರುವುದು ಗಾತ್ರದಲ್ಲಿ: ಟ್ರ್ಯಾಕ್ಟರ್ ತುಂಬ ಹೇರಿದರೂ ತೂಕವಿಲ್ಲ, ಬಾಡಿಗೆಯೇ ಲಾಭ ನುಂಗುತ್ತದೆ. ಅದಕ್ಕೇ ಪುಡಿ ಮಾಡಿ ಒತ್ತಿ ಬ್ರಿಕೆಟ್ ಎಂಬ ಗಟ್ಟಿ ಇಂಧನದ ತುಂಡು ಮಾಡುವುದು. ಒತ್ತಡದ ಬಿಸಿಗೆ, ಕಟಗಿಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥ ಮೆತ್ತಗಾಗಿ ತಾನೇ ಅಂಟಾಗುತ್ತದೆ, ಬೇರೆ ಗೋಂದು ಬೇಕಿಲ್ಲ. ಕಟಗಿಯನ್ನು ಸಾಕಾಗದಷ್ಟು ಗಾಳಿ ಕೊಟ್ಟು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸೇರಿದ, ಉರಿಯಬಲ್ಲ ಅನಿಲ ಬರುತ್ತದೆ. ಶುದ್ಧಿ ಮಾಡಿದರೆ ಎಂಜಿನ್ನೂ ಓಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬಸ್ಸುಗಳು ಇದ್ದಿಲ ಒಲೆ ಕಟ್ಟಿಕೊಂಡು ಓಡಿದ್ದು ಇದೇ ವಿದ್ಯೆಯಿಂದ. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುತ್ತಿದ್ದ ‘ಅಸ್ತ್ರ’ ತಂಡ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಹೀಗೇ ಕರೆಂಟು ಮಾಡಿ, ಮನೆಗಳಿಗೆ ದೀಪ ಕೊಟ್ಟು, ಕುಡಿಯುವ ನೀರನ್ನೂ ಎತ್ತಿಸಿತು. ನಾವು ಅದನ್ನು ಮರೆತು ಕೂತಿದ್ದೇವೆ.

ಸೋಲಾರ್ ಬೇಡವೆನ್ನಲು ನಾನ್ಯಾರು? ಆದರೆ ಸಂಜೆ ಏಳರ ಹೊತ್ತಿಗೆ ಅದು ಕೈಕೊಡುತ್ತದೆ. ಬಣವಿ ಹಾಕಿದ ಕಟಗಿ ನಾವು ಕರೆದಾಗ ಬರುತ್ತದೆ. ಚುರುಮುರಿ ಭಟ್ಟಿಗೆ, ಇಟ್ಟಂಗಿ ಭಟ್ಟಿಗೆ ಬೇಕಾದದ್ದಂತೂ ಬರೀ ಶಾಖ.

ನನ್ನ ಸಿಟ್ಟೇ ಬೇರೆ. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು 2030ರಿಂದ 2025–26ಕ್ಕೆ ಹಿಂದೆಳೆದರು. ಆ ಎಥೆನಾಲ್ ತೆಗೆಯುವ ಉತ್ಸಾಹವೆಲ್ಲ ಕಬ್ಬಿನ ಮೇಲೆ, ಗೋವಿನಜೋಳದ ಕಾಳಿನ ಮೇಲೆ. ತಿನ್ನುವ ಕಾಳು ಟ್ಯಾಂಕಿಗೆ, ತಿನ್ನಲಾಗದ ಕಟಗಿ ಬೆಂಕಿಗೆ! ಕಲ್ಲಿದ್ದಲು ಸ್ಥಾವರಗಳು ಶೇ 5ರಷ್ಟು ಬೆಳೆ ಉಳಿಕೆಯ ಉಂಡೆ ಬೆರೆಸಬೇಕೆಂದು 2021ರಲ್ಲಿ ಕೇಂದ್ರ ನೀತಿ ಮಾಡಿತು, ಸರಿ. ಎರಡೆಕರೆ ಹತ್ತಿ ಹಾಕಿದವನ ಕಟಗಿಯನ್ನು ಅಲ್ಲಿಗೆ ಮುಟ್ಟಿಸುವವರು ಯಾರು? ಸಬ್ಸಿಡಿ ಕೊಡುವಾಗ ಯಂತ್ರದ ಫೋಟೊ ತೆಗೆಯುತ್ತಾರೆ. ಅದು ಕೆಟ್ಟಾಗ ರಿಪೇರಿಯವನಿಲ್ಲ, ಬಿಡಿಭಾಗವಿಲ್ಲ, ಕಡತವೂ ಸಿಗುವುದಿಲ್ಲ.

ತಮ್ಮಂಥ ಚುರುಕು ಓದುಗರಿಗೆ ಒಂದು ಕೆಲಸ ಹಚ್ಚುತ್ತೇನೆ. ಊರಿನ ಸೊಸೈಟಿಯ ಮುಂದಿನ ಸಭೆಯಲ್ಲಿ, ಗೊಬ್ಬರ ಮಾರುವ ಗೋದಾಮಿನ ಪಕ್ಕ ಕಟಗಿ ಕೊಳ್ಳಲೂ ಒಂದು ತಕ್ಕಡಿ ಇಡಬಾರದೇಕೆ ಎಂದು ಕೇಳಿ. ಅವರೇನಂದರೆಂದು ಬರೆಯಿರಿ, ಅಕ್ಷರ ಬಿಡದೆ ಅಚ್ಚು ಹಾಕುತ್ತೇವೆ.