ಇಬ್ಬರಿಗೂ ಕೆಲಸ, ಶನಿವಾರ–ಭಾನುವಾರ ಬಿಟ್ಟರೆ ರಜೆ ಇಲ್ಲ. ಬೆಂಗಳೂರಿನಿಂದ ಕಡಿಮೆ ಖರ್ಚಲ್ಲಿ ಎಲ್ಲಿಗೆ ಹೋಗಬಹುದು?

ಮದುವೆಯಾಗಿ ಆರು ತಿಂಗಳಾಯಿತು, ಎಲ್ಲೂ ಹೋಗೋಕೆ ಆಗಿಲ್ಲ, ಕಾರೂ ಇಲ್ಲ ಅಂತ ಬರೆದಿದ್ದೀರಿ. ನಮ್ಮದು ಈಗ ಮೂರನೇ ವರ್ಷ. ಕಾರು ನಮಗೂ ಇಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ, ಏಕೆಂದರೆ ನಮ್ಮ ಮೊದಲ ಪ್ರವಾಸ ಹಾಳಾಗಿದ್ದು ಬಾಡಿಗೆ ಕಾರಿನಲ್ಲೇ.

ಅದು ಚಿಕ್ಕಮಗಳೂರು. ಎರಡು ದಿನಕ್ಕೆ ಏಳು ಜಾಗ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಹೆಬ್ಬೆ ಜಲಪಾತ, ಒಂದು ಕಾಫಿ ತೋಟ, ಬೇಲೂರು, ಹಳೇಬೀಡು, ಬರುವಾಗ ಶ್ರವಣಬೆಳಗೊಳ. ಪಟ್ಟಿ ಇವರದು. (ಮನೆಯಲ್ಲಿ ನಾನು 'ನೀನು' ಅನ್ನುತ್ತೇನೆ, ಅತ್ತೆ ಮುಂದೆ ಮಾತ್ರ 'ನೀವು'. ಇಲ್ಲಿ ಗೊತ್ತಿಲ್ಲದವರು ಓದುತ್ತಾರೆ, 'ಇವರು' ಅಂತಲೇ ಇರಲಿ.) ಕೈಮರದ ಚೆಕ್‌ಪೋಸ್ಟ್ ಹತ್ತಿರ ಕಾರುಗಳ ಸಾಲು ಶುರುವಾಯಿತು. ಎರಡೂವರೆ ಗಂಟೆ ಅಲ್ಲೇ ಕೂತೆವು. ರಾಜ್ಯದ ಅತಿ ಎತ್ತರದ ಬೆಟ್ಟದಲ್ಲಿ ನಾವು ನೋಡಿದ್ದು ಮಂಜು, ಮತ್ತೆ ಆ ಮಂಜಿನಲ್ಲಿ ಮುಂದಿನ ಕಾರಿನ ಕೆಂಪು ಲೈಟು. 1117ರಲ್ಲಿ ವಿಷ್ಣುವರ್ಧನ ಶುರು ಮಾಡಿಸಿ, ತಲೆಮಾರುಗಟ್ಟಲೆ ಕೆತ್ತಿದ ಬೇಲೂರು ಗುಡಿಗೆ ನಲವತ್ತು ನಿಮಿಷ ಕೊಟ್ಟೆವು. ಅದರಲ್ಲೂ ಹತ್ತು ನಿಮಿಷ ಗಡಿಯಾರ ನೋಡಿದ್ದು. ಭಾನುವಾರ ರಾತ್ರಿ ನೆಲಮಂಗಲದ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮನೆ ಸೇರುವಾಗ ಒಂದು ಗಂಟೆ. ಸೋಮವಾರ ಪೂರ್ತಿ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಒಂದು ವಾರಾಂತ್ಯಕ್ಕೆ ಒಂದೇ ಊರು. ಶುಕ್ರವಾರ ರಾತ್ರಿಯ ನಿದ್ದೆ ರೈಲಿನಲ್ಲಿ, ಭಾನುವಾರ ರಾತ್ರಿಯ ನಿದ್ದೆಯೂ ರೈಲಿನಲ್ಲಿ. ನಡುವೆ ಒಂದೇ ರಾತ್ರಿಗೆ ರೂಮು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಎಲ್ಲಿಗೆ ಅನ್ನುವುದು ಆಮೇಲಿನ ಮಾತು. ಆದರೂ ಕೇಳಿದ್ದೀರಲ್ಲ, ಮೊದಲು ಬಾದಾಮಿಗೆ ಹೋಗಿ ಅನ್ನುತ್ತೇನೆ.

ಮೈಸೂರಿನಿಂದ ಪಂಢರಪುರಕ್ಕೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರಿಗೆ ಬರುತ್ತದೆ. ಶುಕ್ರವಾರ ಆಫೀಸಿನಿಂದ ಸ್ವಲ್ಪ ಬೇಗ ಎದ್ದರೆ ಸಾಕು. ಬೆಳಗ್ಗೆ ಕಣ್ಣು ಬಿಡುವ ಹೊತ್ತಿಗೆ ಬಾದಾಮಿ. ಈ ರೈಲಿನಲ್ಲಿ ನನಗೊಂದೇ ತೊಂದರೆ. ನನ್ನ ತವರು ದಾವಣಗೆರೆ. ರಾತ್ರಿ ಅದೇ ಸ್ಟೇಷನ್ ಮೇಲೆ ಹಾದು ಹೋಗಬೇಕು. ಮೊದಲ ಸಲ ಅಮ್ಮನಿಗೆ ಹೇಳಿರಲಿಲ್ಲ. ರೈಲು ನಿಂತಾಗ ಎಚ್ಚರವಾಯಿತು. ಮೇಲಿನ ಬರ್ತ್‌ನಲ್ಲಿ ಮಲಗಿದ್ದೆ, ಹೊರಗೆ ಟೀ ಮಾರುವವನ ಕೂಗು ಕೇಳಿಸಿತು, ಮನೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಕಳ್ಳತನ ಮಾಡಿದ ಹಾಗಾಯಿತು. ಆಮೇಲೆ ಗೊತ್ತಾದಾಗ ಅಮ್ಮ ಫೋನಿನಲ್ಲಿ ಅಂದಿದ್ದು ಒಂದೇ ಮಾತು: "ಮನೆಗೆ ಬರಾಕೆ ರಜೆ ಇಲ್ಲ, ಊರೂರು ತಿರುಗಾಕೆ ರಜೆ ಐತಿ."

ಬಾದಾಮಿ ಸ್ಟೇಷನ್ನಿನಿಂದ ಊರು ಸುಮಾರು 5 ಕಿ.ಮೀ. ಆಟೋ ಸಿಗುತ್ತದೆ. ಗುಹೆಗಳಿಗೆ ಬೆಳಗ್ಗೆ ಬೇಗ ಹೋಗಿಬಿಡಿ, ಬಿಸಿಲು ಏರಿದರೆ ಆ ಕೆಂಪು ಕಲ್ಲು ಕಾವಲಿಯ ಹಾಗೆ ಕಾಯುತ್ತದೆ. ಒಟ್ಟು ನಾಲ್ಕು ಗುಹೆ. ಮೊದಲನೆಯದರಲ್ಲಿ ಹದಿನೆಂಟು ಕೈಯ ನಟರಾಜ. ನಾನು ಎಣಿಸಿದಾಗ ಹದಿನೇಳು ಬಂತು, ಇವರು ಎಣಿಸಿದಾಗ ಹತ್ತೊಂಬತ್ತು. ಚಿಕ್ಕಮಗಳೂರಿನ ಲೆಕ್ಕದಲ್ಲಿ ಹೋಗಿದ್ದರೆ ಎಣಿಸುವುದಕ್ಕೆ ಪುರುಸೊತ್ತು ಎಲ್ಲಿರುತ್ತಿತ್ತು? ಮೂರನೆಯ ಗುಹೆಯಲ್ಲಿ 578ನೇ ಇಸವಿಯ ಶಾಸನ ಇದೆ. ನಾಲ್ಕನೆಯದು ಜೈನರದು. ಕೈಯಲ್ಲಿ ತಿಂಡಿ ಪ್ಯಾಕೆಟ್ ಮಾತ್ರ ಇಟ್ಟುಕೊಳ್ಳಬೇಡಿ. ಅಲ್ಲಿನ ಕೋತಿಗಳು ಹೆದರುವ ಜಾತಿಯವಲ್ಲ. ನಮ್ಮ ಚಕ್ಕುಲಿ ಎರಡನೇ ಗುಹೆ ತನಕವೂ ಬರಲಿಲ್ಲ.

ಮಧ್ಯಾಹ್ನ ರೂಮಿಗೆ ಬಂದು ನಿದ್ದೆ ಮಾಡಿದೆವು. ಹೌದು, ಪ್ರವಾಸಕ್ಕೆ ಹೋಗಿ ನಿದ್ದೆ. ಯಾರೂ ಬೇಡ ಅನ್ನಲಿಲ್ಲ. ಸಂಜೆ ಅಗಸ್ತ್ಯ ತೀರ್ಥದ ಆ ತುದಿಗೆ, ಭೂತನಾಥ ಗುಡಿಯ ಕಡೆ ನಡೆದೆವು. ಕೆರೆಯ ಮೆಟ್ಟಿಲ ಮೇಲೆ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಸೂರ್ಯ ಇಳಿಯುವಾಗ ಎದುರಿನ ಬಂಡೆ ಇಟ್ಟಿಗೆ ಬಣ್ಣದಿಂದ ಕುಂಕುಮದ ಬಣ್ಣಕ್ಕೆ ಬಂತು. ಮದುವೆಗೆ ಮಾಡಿದ ಸಾಲ ಯಾವಾಗ ತೀರಿಸುವುದು ಅನ್ನುವ ಮಾತನ್ನು ನಾವು ಜಗಳ ಇಲ್ಲದೆ ಆಡಿದ್ದು ಅಲ್ಲೇ ಮೊದಲು.

ಭಾನುವಾರ ಬನಶಂಕರಿ. ಬಾದಾಮಿಯಿಂದ ಸುಮಾರು 5 ಕಿ.ಮೀ. ಗುಡಿಯ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ನಾನು ರೊಟ್ಟಿ ತಿಂದೇ ಬೆಳೆದವಳು. ಇವರು ಮಂಡ್ಯದವರು, ಮುದ್ದೆ ಪಾರ್ಟಿ. ಮೂರು ರೊಟ್ಟಿ ಆದಮೇಲೆ "ಇನ್ನೊಂದು ಹಾಕಮ್ಮ" ಅಂದರು. ಆ ದಿನದಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಗ್ಗೆ ತಕರಾರಿಲ್ಲ. ಗುಡಿಯಿಂದ ಅಮ್ಮನಿಗೆ ಕುಂಕುಮ ತಂದೆ. ಬನಶಂಕರಿಗೆ ಹೋಗಿದ್ದು ಅಂತ ಗೊತ್ತಾದ ಮೇಲೆ ಆ ಕಡೆ ಸಿಟ್ಟೂ ಅರ್ಧಕ್ಕೆ ಇಳಿಯಿತು.

ಅಲ್ಲಿಂದ ಆಟೋ ಮಾಡಿಕೊಂಡು ಪಟ್ಟದಕಲ್ಲು. ಒಂದೇ ಊರು ಅಂದವಳು ಇನ್ನೊಂದು ಊರಿಗೆ ಹೋದೆಯಲ್ಲ ಅನ್ನಬೇಡಿ. ಬಾದಾಮಿಗೆ ಬರೀ 22 ಕಿ.ಮೀ. ಇದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಮಲಪ್ರಭೆಯ ದಡ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಇಬ್ಬರೂ ಒಡಹುಟ್ಟಿದವರಂತೆ. "ನೋಡು, ಗಂಡ ಗೆದ್ದು ಬಂದರೆ ಹೆಂಡ್ತೀರು ಗುಡಿ ಕಟ್ಟಿಸ್ತಿದ್ರು" ಅಂದರು ಇವರು. "ಮೊದಲು ಗೆದ್ದು ಬಾ, ಆಮೇಲೆ ನೋಡೋಣ" ಅಂದೆ. ಐಹೊಳೆ ಬಿಟ್ಟುಬಿಟ್ಟೆವು. ಅದಕ್ಕೆ ಇವರು ಈಗಲೂ ಗೊಣಗುತ್ತಾರೆ.

ರಾತ್ರಿ ಅದೇ ಹೆಸರಿನ ರೈಲು ಹತ್ತಿ ಸೋಮವಾರ ಬೆಳಗ್ಗೆ ಬೆಂಗಳೂರು. ಸ್ಲೀಪರ್ ಟಿಕೆಟ್, ರೂಮು, ಆಟೋ, ಊಟ ಎಲ್ಲ ಸೇರಿ ಇಬ್ಬರಿಗೂ ನಾಲ್ಕು ಸಾವಿರ ದಾಟಲಿಲ್ಲ. ಬೇಸಿಗೆಯಲ್ಲಿ ಮಾತ್ರ ಹೋಗಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ.

ಟಿಕೆಟ್ ವಿಷಯ ಹೇಳಲೇಬೇಕು. ಮುಂಚೆ 120 ದಿನ ಮೊದಲೇ ಕಾಯ್ದಿರಿಸಬಹುದಿತ್ತು, 2024ರ ನವೆಂಬರ್ 1ರಿಂದ ಅದು 60 ದಿನ ಆಗಿದೆ. ಹೋಗುವ ಟಿಕೆಟ್‌ಗಿಂತ ಭಾನುವಾರ ರಾತ್ರಿ ಬರುವ ಟಿಕೆಟ್ ಬೇಗ ಖಾಲಿಯಾಗುತ್ತದೆ. ಅದನ್ನು ಮೊದಲು ಮಾಡಿ. ತತ್ಕಾಲ್ ನಂಬಿಕೊಂಡು ರಜೆ ಹಾಕಬೇಡಿ. ಸ್ಲೀಪರ್‌ಗೆ ಅದು ಹಿಂದಿನ ದಿನ ಬೆಳಗ್ಗೆ 11ಕ್ಕೆ ತೆರೆಯುತ್ತದೆ, ನನ್ನ ಮೀಟಿಂಗ್ ಸರಿಯಾಗಿ ಅದೇ ಹೊತ್ತಿಗೆ ಇರುತ್ತದೆ.

ಮಳೆಗಾಲದಲ್ಲಿ ರೈಲೇ ಪ್ರವಾಸ. ಯಶವಂತಪುರದಿಂದ ಮಂಗಳೂರಿಗೆ ಹೋಗುವ ಹಗಲು ರೈಲಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟ ಸುಮಾರು 55 ಕಿ.ಮೀ., 57 ಸುರಂಗ. ರೈಲು ಎತ್ತಿನ ಗಾಡಿಯ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ 2021ರ ಜುಲೈನಲ್ಲಿ ಬಂತು, ದರ ಜಾಸ್ತಿ. ಒಂದು ಸಲ ಅದರಲ್ಲಿ, ಒಂದು ಸಲ ಸಾಮಾನ್ಯ ಸೀಟಿನಲ್ಲಿ ಹೋಗಿದ್ದೇವೆ. ನನಗೆ ಸಾಮಾನ್ಯ ಸೀಟೇ ಇಷ್ಟ. ಕಿಟಕಿಯಿಂದ ಕೈ ನೆನೆಯದಿದ್ದರೆ ಅದೆಂಥ ಮಳೆಗಾಲ, ಅಲ್ವಾ? ಆದರೆ ಈ ಹಾದಿಯಲ್ಲಿ ಮಣ್ಣು ಕುಸಿಯುತ್ತದೆ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳು ನಿಂತವು. ನಮ್ಮ ಟಿಕೆಟೂ ಅದರಲ್ಲಿ ಹೋಯಿತು. ದುಡ್ಡು ವಾಪಸ್ ಬಂತು ಬಿಡಿ.

ಆ ವಾರ ಕಟ್ಟಿದ ಬ್ಯಾಗು ಬಿಚ್ಚಲು ಮನಸ್ಸಾಗದೆ ಮೇಲುಕೋಟೆಗೆ ಹೋದೆವು, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ನನಗೆ ಜೀರೋ ಟಿಕೆಟ್, ಇವರಿಗೆ ಪೂರ್ತಿ ದುಡ್ಡು. ನಮ್ಮ ಖರ್ಚಿನ ಪುಸ್ತಕದಲ್ಲಿ ಬಸ್ಸಿನ ಸಾಲು ಈಗ ಇವರ ಹೆಸರಲ್ಲೇ ಇರುತ್ತದೆ. ನೆನಪಿರಲಿ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು, ರಾಜಹಂಸ, ಐರಾವತದಂಥ ಬಸ್ಸಿಗೆ ನಡೆಯುವುದಿಲ್ಲ, ರಾಜ್ಯದ ಗಡಿ ದಾಟಿದರೂ ಇಲ್ಲ. ಮೇಲುಕೋಟೆಯಲ್ಲಿ ಯೋಗನರಸಿಂಹನ ಬೆಟ್ಟ ಹತ್ತಿದೆವು, ಪುಳಿಯೋಗರೆ ತಿಂದೆವು, ರಾಯಗೋಪುರದ ಕಂಬಗಳ ಕೆಳಗೆ ಕೂತು ಜಡಿಮಳೆ ನೋಡಿದೆವು. ಸಂಜೆ ಮಂಡ್ಯದ ಅತ್ತೆ ಮನೆಯಲ್ಲಿ ಬಸ್ಸಾರು. ರೂಮಿನ ಬಾಡಿಗೆ ಉಳಿಯಿತು. ಅತ್ತೆಗೂ ಖುಷಿ.

ರೂಮು ಅಂದಾಗ ನೆನಪಾಯಿತು. ಒಂದು ಊರಿನ ಲಾಡ್ಜ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ನಮ್ಮಿಬ್ಬರ ಆಧಾರ್ ನೋಡಿ ಕೌಂಟರ್‌ನವನ ಮುಖ ಗಂಟಾಯಿತು. ನನ್ನದರಲ್ಲಿ ಇನ್ನೂ ಅಪ್ಪನ ಹೆಸರು, ದಾವಣಗೆರೆ ವಿಳಾಸ. ಇವರದು ಮಂಡ್ಯ. "ಮದುವೆ ಸರ್ಟಿಫಿಕೇಟ್ ಇದೆಯಾ?" ಅಂದ. ಅದನ್ನು ತೋರಿಸಲೇಬೇಕು ಅನ್ನುವ ಕಾನೂನು ಇಲ್ಲ. ಆದರೆ ಆ ಹೊತ್ತಿನಲ್ಲಿ ಕಾನೂನು ಮಾತಾಡಿ ಗೆದ್ದರೂ ಮಲಗಬೇಕಾದ್ದು ಅವನ ಲಾಡ್ಜಿನಲ್ಲೇ. ಇವರು ಫೋನ್ ತೆಗೆದು ತಾಳಿ ಕಟ್ಟುವ ಫೋಟೋ ತೋರಿಸಿದರು. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ, ಇವರ ಪೇಟ ಜಾರಿದೆ. ಅವನು ನಕ್ಕು ಬೀಗದ ಕೈ ಕೊಟ್ಟ. ನೀವೂ ಒಂದು ಫೋಟೋ ಇಟ್ಟುಕೊಂಡಿರಿ, ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಬಾದಾಮಿಯಲ್ಲಿ, ಹಂಪಿ ಹತ್ತಿರದ ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಿವೆ, ಅದನ್ನೂ ನೋಡಿ.

ಒಂದೇ ದಿನ ಸಿಕ್ಕಿದರೆ ಭಾನುವಾರ ಮೈಸೂರು. ಸಂಜೆ ಏಳಕ್ಕೆ ಅರಮನೆಯ ದೀಪ ಹೊತ್ತುವ ಆ ಒಂದು ಗಳಿಗೆಗೆ ಜನ "ಓ" ಅಂತಾರೆ, ನಾವೂ ಅಂದಿದ್ದೇವೆ. ನಂದಿ ಬೆಟ್ಟದ ಸೂರ್ಯೋದಯ ನನ್ನ ಕೇಳಬೇಡಿ, ಮತ್ತೆ ಕಾರಿನ ಸಾಲಿನಲ್ಲಿ ಕೂರುವ ತಾಳ್ಮೆ ನನಗಿಲ್ಲ.

ಮುಂದಿನ ತಿಂಗಳು ಜೋಗ. ತಾಳಗುಪ್ಪದ ರಾತ್ರಿ ರೈಲಿಗೆ ಟಿಕೆಟ್ ಆಗಿದೆ, ಅಲ್ಲಿಂದ ಜಲಪಾತ ಸುಮಾರು 15 ಕಿ.ಮೀ. ಈ ಸಲ ಅಮ್ಮನಿಗೆ ಮೊದಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಆ ರೈಲು ನಮ್ಮೂರ ಮೇಲೆ ಹೋಗಲ್ವಾ?" ಅಂದಳು. ಇಲ್ಲಮ್ಮ, ಬೀರೂರಿನಲ್ಲೇ ಶಿವಮೊಗ್ಗ ಕಡೆ ತಿರುಗುತ್ತದೆ ಅಂದೆ. "ಹಂಗಾರೆ ನಾನೇ ಬೀರೂರಿಗೆ ಬರ್ತೀನಿ, ರೊಟ್ಟಿ ಕಟ್ಟಿಕೊಂಡು" ಅಂದಳು. ತಮಾಷೆಗೋ ನಿಜಕ್ಕೋ ಇನ್ನೂ ಗೊತ್ತಾಗಿಲ್ಲ. ಇವರು ಮಾತ್ರ ಮೂರನೇ ಬರ್ತ್ ಖಾಲಿ ಇದೆಯಾ ಅಂತ ದಿನಾ ನೋಡುತ್ತಿದ್ದಾರೆ.